ದೂರದ ತಂಡ, ಹತ್ತಿರದ ಅರಿವು

ಬೇರೆ ಬೇರೆ ಊರು, ರಾಜ್ಯ, ದೇಶಗಳಲ್ಲಿ ಕೂತು ಒಂದೇ ಕೆಲಸ ಮಾಡುವ ತಂಡಗಳು ತಮಗೆ ತಿಳಿದದ್ದನ್ನು ಇಂದು ಬಹುಪಾಲು ಸಾಮಾಜಿಕ ತಂತ್ರಾಂಶಗಳ ಮೂಲಕವೇ ಹಂಚಿಕೊಳ್ಳುತ್ತವೆ. ವಾಟ್ಸ್ಆ್ಯಪ್ ಗುಂಪು, ಕಂಪನಿಯ ಒಳಜಾಲ, ವಿಕಿ, ವಿಡಿಯೊ ಸಭೆ ಎಲ್ಲವೂ ಈ ಬಳಗಕ್ಕೆ ಸೇರಿದವು. ಇವುಗಳಿಂದ ಸಂದೇಶ ಕ್ಷಣಮಾತ್ರದಲ್ಲಿ ತಲುಪುತ್ತದೆ. ಅರಿವು ತಲುಪುತ್ತದೆಯೇ, ತಲುಪಿದ್ದು ಉಳಿಯುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಬೆಂಗಳೂರಿನ ಐಟಿ ಕಚೇರಿಗಳಿಗಷ್ಟೇ ಸಂಬಂಧಪಟ್ಟಂತೆ ತೋರುವ ಈ ಪ್ರಶ್ನೆ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಇನ್ನೂ ತೀವ್ರವಾಗಿದೆ. ಈ ಊರುಗಳ ಕೆಲಸ ಜಗತ್ತಿನ ಜೊತೆ ಬೆಸೆದುಕೊಂಡಿದೆ. ಇಲ್ಲಿನ ಅರಿವು ಮಾತ್ರ ಬಹುಮಟ್ಟಿಗೆ ಕೈಯಲ್ಲಿ, ಕಣ್ಣಲ್ಲಿ, ಬಾಯಿಮಾತಿನಲ್ಲಿ ಇದೆ.

ಹೊರಗಿನ ನಂಟು ಇಲ್ಲಿಗೆ ಹೊಸದಲ್ಲ. ಶಹಾಬಾದ್ ಮತ್ತು ವಾಡಿ ಮುಂಬೈ–ಚೆನ್ನೈ ರೈಲುಮಾರ್ಗದ ಊರುಗಳು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಹಾದಿ ತೆರೆದಾಗ ಚಿತ್ತಾಪುರ, ಸೇಡಂ ಕೂಡ ಆ ದಾರಿಗೆ ಬಂದವು. ಚಿಂಚೋಳಿಗೆ ಇಂದಿಗೂ ರೈಲಿಲ್ಲ. ನೆಲದಡಿಯ ಸುಣ್ಣಕಲ್ಲು ಈ ಊರುಗಳ ಬದುಕನ್ನು ರೂಪಿಸಿತು. ಭೀಮಾ ಶಿಲಾಸಮೂಹದ ಒಂದು ಸ್ತರಕ್ಕೆ ಭೂವಿಜ್ಞಾನದ ಪುಸ್ತಕಗಳಲ್ಲಿ ಶಹಾಬಾದಿನ ಹೆಸರೇ ಇದೆ. 1936ರಲ್ಲಿ ಹತ್ತು ಸಿಮೆಂಟ್ ಕಂಪನಿಗಳು ಒಂದಾಗಿ ಎಸಿಸಿ ಹುಟ್ಟಿದಾಗ ಶಹಾಬಾದ್ ಸಿಮೆಂಟ್ ಕಂಪನಿ ಆ ಹತ್ತರಲ್ಲಿ ಒಂದಾಗಿತ್ತು. ವಾಡಿಯ ಕಾರ್ಖಾನೆ 1968ರದು. 2005ರಲ್ಲಿ ಸ್ವಿಟ್ಜರ್ಲೆಂಡಿನ ಹೋಲ್ಸಿಮ್ ಎಸಿಸಿಯಲ್ಲಿ ಪಾಲು ಪಡೆಯಿತು. 2015ರಲ್ಲಿ ಆ ಕಂಪನಿ ಫ್ರಾನ್ಸಿನ ಲಫಾರ್ಜ್ ಜೊತೆ ಕೂಡಿತು. 2022ರಲ್ಲಿ ಎಸಿಸಿ ಅದಾನಿ ಸಮೂಹಕ್ಕೆ ಸೇರಿತು. ಮಳಖೇಡದ ರಾಜಶ್ರೀ ಸಿಮೆಂಟ್ ಅಲ್ಟ್ರಾಟೆಕ್‌ನ ಭಾಗವಾಯಿತು. ಸೇಡಂನ ವಾಸವದತ್ತಾ ಸಿಮೆಂಟ್ ದಶಕಗಳ ಕಾಲ ಕೆಸೊರಾಂ ಒಡೆತನದಲ್ಲಿದ್ದು ಈಚೆಗೆ ಅಲ್ಟ್ರಾಟೆಕ್ ತೆಕ್ಕೆಗೆ ಹೋಗಿದೆ. ಹೀಗೆ ವಾಡಿಯ ಪಾಳಿಯಲ್ಲಿ ನಿಂತ ಕೆಲಸಗಾರ, ಮುಂಬೈನ ಕಚೇರಿ, ಯುರೋಪಿನ ತಂತ್ರಜ್ಞ, ಯಂತ್ರ ಮಾರಿದ ಪರದೇಶದ ಕಂಪನಿ ಎಲ್ಲರೂ ಒಂದೇ ತಂಡದವರಾದರು.

ಯಾವುದೇ ಉದ್ಯಮ ಕೈ ಬದಲಿಸಿದಾಗ ಅದರ ತಂತ್ರಾಂಶಗಳೂ ಬದಲಾಗುವುದು ರೂಢಿ. ಇಮೇಲ್ ವಿಳಾಸ ಹೊಸದಾಗುತ್ತದೆ, ಒಳಜಾಲ ಹೊಸದಾಗುತ್ತದೆ. ಹಳೆಯ ಜಾಲದಲ್ಲಿ ವರ್ಷಗಟ್ಟಲೆ ನಡೆದ ಪ್ರಶ್ನೋತ್ತರಗಳು ಹೊಸದಕ್ಕೆ ಇಡಿಯಾಗಿ ಬರುವುದು ಅಪರೂಪ. ಲೆಕ್ಕಪತ್ರವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಲು ಕಾನೂನಿನ ಒತ್ತಾಯವಿದೆ. ಅನುಭವದ ಮಾತನ್ನು ಸಾಗಿಸಲು ಯಾರ ಒತ್ತಾಯವೂ ಇಲ್ಲ. ಆಗ ಹಳೆಯದನ್ನು ಬಲ್ಲವರು ನಿವೃತ್ತರಾಗುವವರೆಗೆ ಅದು ಅವರ ನೆನಪಿನಲ್ಲಿರುತ್ತದೆ, ಆಮೇಲೆ ಎಲ್ಲೂ ಇರುವುದಿಲ್ಲ.

ಆ ಅನುಭವ ಎಂಥದು ಎಂಬುದಕ್ಕೆ ಕಿಲ್ನ್ ಒಳ್ಳೆಯ ನಿದರ್ಶನ. ಸಿಮೆಂಟ್ ಕಾರ್ಖಾನೆಯ ಜೀವ ಇರುವುದು ನಿಧಾನವಾಗಿ ತಿರುಗುವ ಈ ಉದ್ದನೆಯ ಉಕ್ಕಿನ ಕೊಳವೆಯಲ್ಲಿ. ಪುಡಿಮಾಡಿದ ಸುಣ್ಣಕಲ್ಲು ಮತ್ತು ಇತರ ಖನಿಜಗಳ ಮಿಶ್ರಣ ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಂದು ಕ್ಲಿಂಕರ್ ಆಗುತ್ತದೆ. ಒಳಗೆ ಏನಾಗುತ್ತಿದೆ ಎಂದು ನೇರವಾಗಿ ಅಳೆಯುವುದು ಕಷ್ಟ. ನುರಿತ ಆಪರೇಟರ್ ನೀಲಿ ಗಾಜಿನ ಮೂಲಕ ಜ್ವಾಲೆಯ ಬಣ್ಣ ನೋಡುತ್ತಾನೆ. ಬೆಂದ ಮಾಲು ಕೊಳವೆಯ ಗೋಡೆಗೆ ಎಷ್ಟು ಮೇಲಕ್ಕೆ ಅಂಟಿಕೊಂಡು ಬೀಳುತ್ತದೆ ಎಂದು ಗಮನಿಸುತ್ತಾನೆ. ಕೊಳವೆ ತಿರುಗಿಸುವ ಮೋಟರ್ ಎಳೆಯುವ ವಿದ್ಯುತ್ತಿನ ಏರಿಳಿತದಿಂದ ಒಳಗಿನ ಬಿಸಿಯನ್ನು ಊಹಿಸುತ್ತಾನೆ. ಇಟ್ಟಿಗೆಯ ಒಳಪದರ ಕಳಚಿದರೆ ಹೊರಗಿನ ಉಕ್ಕು ಕೆಂಪಾಗುತ್ತದೆ. ಅದಕ್ಕೆ ಮುಂಚೆಯೇ ಅನುಮಾನ ಹುಟ್ಟುವುದು ಪಳಗಿದ ಕಣ್ಣಿಗೆ. 'ಶೆಲ್ ಕೆಂಪಾಗ್ಯಾದ' ಎಂಬ ಸಂದೇಶ ಗುಂಪಿಗೆ ಬರುವ ಹೊತ್ತಿಗೆ ತಡವಾಗಿರುತ್ತದೆ. ಬೇಕಾಗಿದ್ದು ಆ ಅನುಮಾನ ಹೇಗೆ ಹುಟ್ಟಿತು ಎಂಬ ತಿಳಿವಳಿಕೆ. ಮೈಕೆಲ್ ಪೊಲಾನ್ಯಿ 1966ರಲ್ಲಿ ವಿವರಿಸಿದ್ದು ಇದನ್ನೇ: ಮನುಷ್ಯನಿಗೆ ತಿಳಿದಿರುವುದು ಅವನು ಹೇಳಬಲ್ಲುದಕ್ಕಿಂತ ಹೆಚ್ಚು.

ಹಾಗೆಂದು ಇದನ್ನು ಮಾತಿಗೆ ತರಲಾಗದು ಎಂದು ಕೈಚೆಲ್ಲಬೇಕಿಲ್ಲ. ಸಿಮೆಂಟ್ ಉದ್ಯಮದ ಚರಿತ್ರೆಯಲ್ಲೇ ಇದಕ್ಕೆ ಉತ್ತರವಿದೆ. ಅಮೆರಿಕದ ಪೆರೇ ಮತ್ತು ವಾಡೆಲ್ 1972ರಲ್ಲಿ ಕಿಲ್ನ್ ಆಪರೇಟರುಗಳಿಗಾಗಿ ಬರೆದ ಕೈಪಿಡಿಯಲ್ಲಿ 27 ಸಂದರ್ಭಗಳನ್ನು ಪಟ್ಟಿಮಾಡಿ, ಯಾವುದಕ್ಕೆ ಏನು ಮಾಡಬೇಕೆಂದು ಸೂಚಿಸಿದರು. ಡೆನ್ಮಾರ್ಕಿನ ಎಫ್‌ಎಲ್ ಸ್ಮಿತ್ ಕಂಪನಿಯ ಹೋಲ್ಮ್‌ಬ್ಲಾಡ್ ಮತ್ತು ಓಸ್ಟರ್‌ಗಾರ್ಡ್ ಆ ಕೈಪಿಡಿಯ ನಿಯಮಗಳನ್ನು ಆಧರಿಸಿ ಫಜ್ಜಿ ತರ್ಕದ ನಿಯಂತ್ರಕವನ್ನು ರೂಪಿಸಿ 1982ರಲ್ಲಿ ಪ್ರಕಟಿಸಿದರು. 'ಸ್ವಲ್ಪ ಬಿಸಿ', 'ತೀರಾ ತಣ್ಣಗೆ' ಎಂಬ ಆಪರೇಟರನ ಮಾತನ್ನೇ ಗಣಿತಕ್ಕೆ ಇಳಿಸಿದ ಈ ವ್ಯವಸ್ಥೆ ಕಾರ್ಖಾನೆಗಳಲ್ಲಿ ಬಳಕೆಗೆ ಬಂತು. ಇಲ್ಲಿ ಮುಖ್ಯವಾದದ್ದು ಗಣಿತಕ್ಕಿಂತ ಮೊದಲಿನ ಹೆಜ್ಜೆ. ಯಾರೋ ಕಿಲ್ನ್ ಕೆಲಸವನ್ನು ಹತ್ತಿರದಿಂದ ಬಲ್ಲವರು ಹೊತ್ತು ತೆಗೆದುಕೊಂಡು ಅದನ್ನು ವಾಕ್ಯಗಳಲ್ಲಿ ಬರೆದಿಟ್ಟಿದ್ದರು. ತಂತ್ರಾಂಶ ಆ ಬರಹವನ್ನು ದೇಶದಿಂದ ದೇಶಕ್ಕೆ ಒಯ್ದಿತು. ಬರಹವೇ ಇಲ್ಲದಿದ್ದರೆ ಒಯ್ಯಲು ಏನಿತ್ತು?

ಬರೆಯಲು ಜನ ಯಾಕೆ ಹಿಂಜರಿಯುತ್ತಾರೆ ಎಂಬುದಕ್ಕೆ ಸೋಮಾರಿತನವನ್ನು ದೂರುವುದು ಸುಲಭ, ಆದರೆ ಅದು ಸರಿಯಲ್ಲ. ಮೊದಲನೆಯ ತೊಡಕು ದೂರವೇ. ಎಂಐಟಿಯ ಥಾಮಸ್ ಆ್ಯಲೆನ್ 1977ರಲ್ಲಿ ತೋರಿಸಿದಂತೆ, ಒಂದೇ ಕಟ್ಟಡದಲ್ಲಿ ಕೂತ ಎಂಜಿನಿಯರುಗಳ ನಡುವೆಯೂ ಅಂತರ ಐವತ್ತು ಮೀಟರ್ ದಾಟಿದರೆ ಕೆಲಸದ ಮಾತುಕತೆ ತೀರಾ ಇಳಿದುಬಿಡುತ್ತದೆ. ಕಣ್ಣಿಗೆ ಬೀಳದವನನ್ನು ಕೇಳಬೇಕೆಂದು ಹೊಳೆಯುವುದೇ ಇಲ್ಲ. ಎರಡನೆಯದು ಹುದ್ದೆಯ ಅಂತರ. ಗುಂಪಿನಲ್ಲಿ ದೊಡ್ಡ ಸಾಹೇಬರಿದ್ದಾರೆ ಎಂದು ಗೊತ್ತಿದ್ದರೆ ಪಾಳಿಯ ಕಿರಿಯ ನೌಕರ ತನಗೆ ಗೊತ್ತಿಲ್ಲದ್ದನ್ನು ಅಲ್ಲಿ ಕೇಳುವುದಿಲ್ಲ. ತಾನು ಮಾಡಿದ ತಪ್ಪಿನಿಂದ ಕಲಿತದ್ದನ್ನಂತೂ ಹೇಳುವುದೇ ಇಲ್ಲ. ಹೇಳಿದರೆ ಅದು ದಾಖಲೆಯಾಗಿ ಉಳಿಯುತ್ತದೆ ಎಂಬ ಭಯ ಅವನದು. ತಂಡಕ್ಕೆ ಅತ್ಯಂತ ಉಪಯೋಗಕ್ಕೆ ಬರುವ ಅರಿವೆಂದರೆ ಇಂಥ ತಪ್ಪುಗಳದೇ. ಆದ್ದರಿಂದ ಗುಂಪುಗಳಲ್ಲಿ 'ಓಕೆ ಸರ್', 'ನೋಟೆಡ್ ಸರ್' ತುಂಬಿರುತ್ತವೆ, ಪ್ರಶ್ನೆಗಳು ಕಡಿಮೆ. ಮೂರನೆಯದು ಭಾಷೆ. ಸೇಡಂ, ಚಿತ್ತಾಪುರದ ಕೆಲಸಗಾರರು ಮನೆಯಲ್ಲಿ ಕನ್ನಡ, ಉರ್ದು, ತೆಲುಗು, ಲಂಬಾಣಿ ಮಾತಾಡುತ್ತಾರೆ. ಕೆಲಸದ ಜಾಗದಲ್ಲಿ ಹಿಂದಿ ಬೆರೆಯುತ್ತದೆ. ಒಳಜಾಲ ಮಾತ್ರ ಇಂಗ್ಲಿಷನ್ನು ಬೇಡುತ್ತದೆ. ನಾಲ್ಕು ಭಾಷೆಯಲ್ಲಿ ಸೊಗಸಾಗಿ ವಿವರಿಸಬಲ್ಲ ಮನುಷ್ಯ ಐದನೆಯದರಲ್ಲಿ ಎರಡು ಸಾಲು ಬರೆದು ಸುಮ್ಮನಾಗುತ್ತಾನೆ. ಗಡಿಯಾರದ ತೊಡಕು ಇವುಗಳ ಮುಂದೆ ಚಿಕ್ಕದು. ಭಾರತಕ್ಕೂ ಸ್ವಿಟ್ಜರ್ಲೆಂಡಿಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆಯ ಅಂತರ, ಹೊಂದಿಸಿಕೊಳ್ಳಬಹುದು.

ಈ ಹಿಂಜರಿಕೆಯನ್ನು ದಾಟಿದ ಉದಾಹರಣೆಯೂ ಇದೆ. ಜೆರಾಕ್ಸ್ ಕಂಪನಿಯ ಯಂತ್ರ ರಿಪೇರಿಯವರು ಕೈಪಿಡಿಗಿಂತ ಹೆಚ್ಚಾಗಿ ಊಟದ ಹೊತ್ತಿನ ಕಥೆಗಳಿಂದ ಕಲಿಯುತ್ತಾರೆ ಎಂದು ಮಾನವಶಾಸ್ತ್ರಜ್ಞ ಜೂಲಿಯನ್ ಓರ್ ಕಂಡುಕೊಂಡರು. 1990ರ ದಶಕದಲ್ಲಿ ಆ ಕಂಪನಿ ಯುರೇಕಾ ಎಂಬ ಜಾಲ ಕಟ್ಟಿತು. ರಿಪೇರಿಯವರು ಕಳಿಸಿದ ಸಲಹೆಯನ್ನು ರಿಪೇರಿಯವರೇ ಪರೀಕ್ಷಿಸುತ್ತಿದ್ದರು. ಒಪ್ಪಿಗೆಯಾದ ಸಲಹೆಯ ಜೊತೆ ಕಳಿಸಿದವನ ಹೆಸರು ಸೇರುತ್ತಿತ್ತು. ಮೇಲಧಿಕಾರಿಯ ಬದಲು ಸರೀಕರು ತೂಗುವುದು, ತೂಗಿದ ಮೇಲೆ ಹೆಸರು ಉಳಿಸುವುದು: ಈ ಎರಡು ಏರ್ಪಾಡು ಸೇಡಂ–ವಾಡಿಯ ಕಾರ್ಖಾನೆಗಳಿಗೂ ಒಪ್ಪುವಂಥವು.

ಕಂಪನಿಯ ನೆರಳೇ ಇಲ್ಲದ ಅರಿವಿನ ಪಾಡು ಇನ್ನೂ ಕಷ್ಟದ್ದು. ಶಹಾಬಾದ್ ಪರಸಿ ದಖ್ಖನ್ನಿನ ಮನೆಗಳಲ್ಲಿ, ರೈಲು ನಿಲ್ದಾಣಗಳಲ್ಲಿ ಹಾಸಿಕೊಂಡ ಕಲ್ಲು. ಪದರಪದರವಾಗಿ ಕೂತ ಈ ಸುಣ್ಣಕಲ್ಲನ್ನು ಯಾವ ಪದರದಲ್ಲಿ ಎಬ್ಬಿಸಬೇಕು, ಉಳಿ ಎಲ್ಲಿ ಇಟ್ಟರೆ ಸೀಳು ನೇರವಾಗಿ ಹೋಗುತ್ತದೆ, ತಟ್ಟಿದಾಗ ಬರುವ ದನಿಯಿಂದ ಒಳಗಿನ ಬಿರುಕನ್ನು ಹೇಗೆ ತಿಳಿಯಬೇಕು ಎಂಬುದು ತಲೆಮಾರುಗಳಿಂದ ಕೈಯಿಂದ ಕೈಗೆ ಬಂದ ವಿದ್ಯೆ. ಕಟಿಂಗ್ ಯಂತ್ರ ಬಂದ ಮೇಲೆ ಅದನ್ನು ಕಲಿಯುವವರು ಕಡಿಮೆಯಾಗಿದ್ದಾರೆ. ಈ ವಿದ್ಯೆಯ ಕುರಿತು ವಿಡಿಯೊಗಳು ಮೊಬೈಲಿನಲ್ಲಿ ಓಡಾಡುತ್ತವೆ, ಆದರೆ ಮಾಡಿದವರ ಹೆಸರಿಲ್ಲ, ಊರಿಲ್ಲ, ವಿವರಣೆಯಿಲ್ಲ. ಚಿಂಚೋಳಿಯ ತಾಂಡಾಗಳ ಲಂಬಾಣಿ ಮಾತಿಗೆ ಇನ್ನೊಂದು ತೊಡಕು. ಆ ಭಾಷೆಗೆ ತನ್ನದೇ ಲಿಪಿಯಿಲ್ಲ. ಕರ್ನಾಟಕದಲ್ಲಿ ಕನ್ನಡ, ತೆಲಂಗಾಣದಲ್ಲಿ ತೆಲುಗು, ಮಹಾರಾಷ್ಟ್ರದಲ್ಲಿ ದೇವನಾಗರಿಯಲ್ಲಿ ಬರೆಯುತ್ತಾರೆ. ಮೂರು ರಾಜ್ಯಗಳ ನೆಂಟರು ಒಂದೇ ಮಾತಾಡಿದರೂ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಲಾರರು. 2013ರಲ್ಲಿ ವಾಟ್ಸ್ಆ್ಯಪ್‌ಗೆ ಬಂದ ಧ್ವನಿಸಂದೇಶ ಇವರಿಗೆ ನಿಜವಾದ ವರ. ಕೆಲಸ ಹುಡುಕಿ ಪುಣೆ, ಮುಂಬೈ, ಹೈದರಾಬಾದಿಗೆ ಹೋದವರ ಜೊತೆ ಊರು ಮಾತಾಡುವುದು ಅದರಲ್ಲೇ. ಆದರೆ ಧ್ವನಿಸಂದೇಶವನ್ನು ಹುಡುಕಿ ತೆಗೆಯುವುದು ಕಷ್ಟ. ಕಳೆದ ವರ್ಷ ಯಾರೋ ಅಜ್ಜಿ ಹೇಳಿದ ಔಷಧಿಯ ಮಾತು ಸಾವಿರ ಶುಭಾಶಯಗಳ ಕೆಳಗೆ ಹೂತುಹೋಗಿರುತ್ತದೆ.

ವಾಟ್ಸ್ಆ್ಯಪ್‌ನ ಸ್ವಭಾವವೇ ಹರಿಯುವುದು. ಗುಂಪಿನ ಮಿತಿ 2016ರಲ್ಲಿ 256 ಆಯಿತು, 2022ರಲ್ಲಿ 1,024ಕ್ಕೆ ಏರಿತು. ಜನ ಹೆಚ್ಚಿದಷ್ಟೂ ಹರಿವು ಹೆಚ್ಚಾಯಿತೇ ಹೊರತು ಶೇಖರಣೆ ಹೆಚ್ಚಲಿಲ್ಲ. ಪರೀಕ್ಷಿಸುವವರು ಇಲ್ಲದ ಹರಿವು ಏನು ಮಾಡಬಲ್ಲುದು ಎಂಬುದನ್ನು ಈ ಸೀಮೆ ನೋಡಿದೆ. 2018ರ ಜುಲೈ 13ರಂದು ನೆರೆಯ ಬೀದರ್ ಜಿಲ್ಲೆಯ ಔರಾದ್ ಭಾಗದ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿ ಗುಂಪುಗಳಲ್ಲಿ ಹರಡಿ, ಹೈದರಾಬಾದಿನಿಂದ ಬಂದಿದ್ದ ಒಬ್ಬ ಎಂಜಿನಿಯರನನ್ನು ಜನ ಹೊಡೆದು ಕೊಂದರು. ಅದೇ ತಿಂಗಳು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಮುಂದಕ್ಕೆ ಕಳಿಸಬಹುದೆಂಬ ಮಿತಿ ಘೋಷಣೆಯಾಯಿತು. ಅರಿವು ಹಂಚುವ ಸಾಧನವನ್ನು ಕುರಿತು ಮಾತಾಡುವಾಗ ಈ ಸಾವನ್ನು ಬದಿಗಿಡಲಾಗದು. ಮಾಹಿತಿಯ ವೇಗವಷ್ಟೇ ಬೆಳೆದು ಪರಾಮರ್ಶೆಯ ಏರ್ಪಾಡು ಬೆಳೆಯದಿದ್ದರೆ ಅದರ ಬೆಲೆಯನ್ನು ಯಾರೋ ತೆರುತ್ತಾರೆ.

ಶೇಖರಣೆಯನ್ನೇ ಗುರಿಯಾಗಿಟ್ಟುಕೊಂಡ ಸಾಮಾಜಿಕ ತಂತ್ರಾಂಶ ವಿಕಿ. ವಾರ್ಡ್ ಕನಿಂಗ್‌ಹ್ಯಾಮ್ ಮೊದಲ ವಿಕಿಯನ್ನು 1995ರಲ್ಲಿ ತೆರೆದರು, ವಿಕಿಪೀಡಿಯ 2001ರಲ್ಲಿ ಬಂತು, ಕನ್ನಡ ವಿಕಿಪೀಡಿಯ 2003ರಲ್ಲಿ. ಸಂಬಳವಿಲ್ಲದ, ಯಜಮಾನನಿಲ್ಲದ, ಬೆಂಗಳೂರು, ಮಂಗಳೂರು, ಮೈಸೂರು, ಅಮೆರಿಕ ಎಲ್ಲೆಲ್ಲೋ ಕೂತ ಕನ್ನಡಿಗರ ತಂಡ ಇದು. ಇದರ ಕಷ್ಟ ಅಕ್ಷರದಿಂದಲೇ ಶುರುವಾಯಿತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ಕಚೇರಿಗಳು, ಮುದ್ರಣಾಲಯಗಳು ಬಹುಕಾಲ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಸಂಕೇತಗಳಲ್ಲೇ ಬರೆದವು. ಆ ಕಡತಗಳನ್ನು ಪರಿವರ್ತಿಸದೆ ಜಾಲದಲ್ಲಿ ಓದುವಂತಿರಲಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಸರಿಯಾಗಿ ಮೂಡತೊಡಗಿದ್ದು 2012ರ ನಂತರ.

ದೂರದಿಂದ ಅರಿವು ತಂದು ಸುರಿಯುವ ಒಂದು ಪ್ರಯತ್ನವೂ ನಡೆಯಿತು. 2009ರಿಂದ ಸುಮಾರು ಎರಡು ವರ್ಷ ಗೂಗಲ್ ಸಂಸ್ಥೆ ತನ್ನ ಅನುವಾದ ಸಾಧನ ಬಳಸಿ ಗುತ್ತಿಗೆಯ ಅನುವಾದಕರಿಂದ ಇಂಗ್ಲಿಷ್ ಲೇಖನಗಳನ್ನು ಕನ್ನಡ, ತಮಿಳು, ತೆಲುಗು, ಬಂಗಾಳಿ ವಿಕಿಪೀಡಿಯಗಳಿಗೆ ಸೇರಿಸಿತು. ವಿಷಯದ ಆಯ್ಕೆ ಬೇರೆಡೆ ಆಗುತ್ತಿತ್ತು. ಅನುವಾದಕರಿಗೂ ಆಯಾ ಭಾಷೆಯ ಸ್ವಯಂಸೇವಕರಿಗೂ ಮಾತುಕತೆ ಇರಲಿಲ್ಲ. ವಾಕ್ಯಗಳು ಕನ್ನಡದ ಅಕ್ಷರದಲ್ಲಿದ್ದವು, ಕನ್ನಡದ ನಡೆಯಲ್ಲಿರಲಿಲ್ಲ. 2010ರಲ್ಲಿ ತಮಿಳು, ಬಂಗಾಳಿ ಸಂಪಾದಕರು ಬಹಿರಂಗವಾಗಿ ಆಕ್ಷೇಪಿಸಿದರು. ಆ ಅನುವಾದಗಳನ್ನು ತಿದ್ದುವ ಹೊರೆ ಸ್ವಯಂಸೇವಕರ ಮೇಲೆ ಬಿತ್ತು. ಹಂಚಿಕೆಗೆ ಹಣವೂ ಯಂತ್ರವೂ ಇದ್ದು ಪರಸ್ಪರ ಮಾತೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಇಂದಿನ ಯಂತ್ರಾನುವಾದ ಆಗಿನದಕ್ಕಿಂತ ಎಷ್ಟೋ ಮೇಲು, ಆದರೂ ಇಂಗ್ಲಿಷಿನಲ್ಲಿ ಇಲ್ಲದ್ದನ್ನು ಅದು ಕನ್ನಡಕ್ಕೆ ತರಲಾರದು. ಶಹಾಬಾದಿನ ಕಲ್ಲು ಸೀಳುವ ವಿದ್ಯೆ ಇಂಗ್ಲಿಷಿನಲ್ಲೂ ಇಲ್ಲ.

ಕನ್ನಡ ವಿಕಿಪೀಡಿಯದಲ್ಲಿ ಈಗ ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಸೇಡಂನ ಗಡಿಯಾಚೆಗಿನ ತೆಲುಗಿನಲ್ಲಿ ಲಕ್ಷ ದಾಟಿವೆ. ಓದುವವರಲ್ಲಿ ಹೆಚ್ಚಿನದನ್ನು ಬರೆಯುವವರು ನೂರಕ್ಕೆ ಒಬ್ಬರೆಂಬ ಅಂದಾಜನ್ನು ಯಾಕೊಬ್ ನೀಲ್ಸನ್ 2006ರಲ್ಲಿ ಮುಂದಿಟ್ಟರು. ಆ ಒಬ್ಬರೂ ನಗರದಲ್ಲಿದ್ದರೆ ಚಿಂಚೋಳಿಯ ಕಾಡು, ಮುಲ್ಲಾಮಾರಿ ನದಿ, ವಾಡಿಯ ಕಾರ್ಮಿಕರ ಕಾಲೊನಿಗಳನ್ನು ಬಲ್ಲವರು ತಂಡದ ಹೊರಗೇ ಉಳಿಯುತ್ತಾರೆ. ಒಳಗೆ ಬಂದವರಿಗೂ ಆಧಾರ ಕೊಡಿ ಎಂಬ ನಿಯಮ ಎದುರಾಗುತ್ತದೆ. ನಿಯಮ ಸರಿಯಾದದ್ದೇ, ಮುರ್ಕಿಯಂಥ ಸುಳ್ಳನ್ನು ತಡೆಯುವುದು ಅದೇ. ಆದರೆ ಈ ಐದು ಊರುಗಳ ಆಧಾರ ಎಲ್ಲಿದೆ? 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ಈ ಸೀಮೆಯ ಸರಕಾರಿ ಕಾಗದಗಳು ಹೆಚ್ಚಾಗಿ ಉರ್ದುವಿನಲ್ಲಿವೆ, ಹೈದರಾಬಾದಿನ ಪತ್ರಾಗಾರದಲ್ಲಿವೆ. ಚಿತ್ತಾಪುರದ ಪಕ್ಕದ ನಾಗಾವಿಯ ಶಾಸನಗಳು ಪುಸ್ತಕವಾಗಿ ಬಂದದ್ದು 1928ರಲ್ಲಿ, ಹೈದರಾಬಾದಿನ ಪುರಾತತ್ವ ಮಾಲೆಯಲ್ಲಿ, ಇಂಗ್ಲಿಷಿನಲ್ಲಿ. ಬಾಯಿಮಾತನ್ನೇ ಆಧಾರವಾಗಿ ಒಪ್ಪಬಹುದೇ ಎಂದು 2011ರಲ್ಲಿ ಅಚಲ್ ಪ್ರಭಲ ಮತ್ತು ಸಂಗಡಿಗರು ಭಾರತ ಮತ್ತು ದಕ್ಷಿಣ ಆಫ್ರಿಕದಲ್ಲಿ ಪ್ರಯೋಗ ಮಾಡಿದರು. ಮಲಯಾಳಂ, ಹಿಂದಿ ಮತ್ತು ಉತ್ತರ ಸೊಥೊ ಭಾಷೆಗಳಲ್ಲಿ ಜನರ ಮಾತನ್ನು ಧ್ವನಿಮುದ್ರಿಸಿ ಲೇಖನಗಳಿಗೆ ಜೋಡಿಸಿದರು. ಅದು ಸಾರ್ವತ್ರಿಕ ನಿಯಮವಾಗಲಿಲ್ಲ, ದಾರಿಯನ್ನಂತೂ ತೋರಿತು.

ನಾಗಾವಿಯ ಹೆಸರು ಈ ವಿಷಯದಲ್ಲಿ ಸುಮ್ಮನೆ ಬಂದದ್ದಲ್ಲ. ಇಂದು ಯಲ್ಲಮ್ಮನ ಜಾತ್ರೆಗೆ ಜನ ಬರುವ ಆ ಊರು ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರವಾಗಿತ್ತು. ಒಂದನೆಯ ಸೋಮೇಶ್ವರನ ಆಳ್ವಿಕೆಯ 1058ರ ಶಾಸನ, ದಂಡನಾಯಕ ಮಧುಸೂದನ ಅಲ್ಲಿನ ವಿದ್ಯಾಲಯಕ್ಕೆ ಮಾಡಿದ ಏರ್ಪಾಡನ್ನು ವಿವರವಾಗಿ ಹೇಳುತ್ತದೆ. ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು 52 ಮಂದಿ. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಅಧ್ಯಾಪಕರು. ಪುಸ್ತಕ ಭಂಡಾರವನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರು. ಅವರ ಜೀವನಕ್ಕೂ ಭೂಮಿ ಬಿಟ್ಟಿತ್ತು. ಕಲಿಸುವವರು ಎಷ್ಟೋ ಕಾಯುವವರೂ ಅಷ್ಟೇ ಬೇಕು ಎಂದು ಆ ಕಾಲದವರು ಲೆಕ್ಕ ಹಾಕಿದ್ದರು. ಇಂದು ಕಂಪನಿಗಳು, ಸರಕಾರಗಳು, ಸಂಘಗಳು ತಂತ್ರಾಂಶಕ್ಕೆ ಹಣ ಹಾಕುತ್ತವೆ, ಅದರೊಳಗಿನ ಅರಿವನ್ನು ವಿಂಗಡಿಸಿ, ತಿದ್ದಿ, ಹೆಸರಿಟ್ಟು, ಹಳತನ್ನು ಹೊಸ ಜಾಲಕ್ಕೆ ದಾಟಿಸುವ ಮನುಷ್ಯನಿಗೆ ಹಾಕುವುದಿಲ್ಲ. ದೂರದ ತಂಡಗಳ ಸೋಲಿನ ಮೂಲ ಬಹುಪಾಲು ಇಲ್ಲಿದೆ.

ಚಿತ್ತಾಪುರ ತಾಲ್ಲೂಕಿನ ಭೀಮಾ ತೀರದ ಸನ್ನತಿ ಇನ್ನೂ ಹಿಂದಿನ ಕಾಲದ್ದು. ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿದ ಮೇಲೆ ಸಿಕ್ಕ ಕಲ್ಲಿನಲ್ಲಿ ಅಶೋಕನ ಶಾಸನಗಳಿದ್ದವು. ಅವುಗಳಲ್ಲಿ ಒಡಿಶಾದ ಧೌಲಿ, ಜೌಗಡಗಳಲ್ಲಿ ಕಂಡುಬಂದಿದ್ದ ಎರಡು ಪ್ರತ್ಯೇಕ ಶಾಸನಗಳ ಪಾಠವೂ ಇದೆ. ಅಧಿಕಾರಿಗಳಿಗೆ ಬರೆದ ಆ ಪಾಠವನ್ನು ಗೊತ್ತಾದ ದಿನಗಳಲ್ಲಿ ಓದಿ ಹೇಳಬೇಕು, ಒಬ್ಬನೇ ಇದ್ದರೂ ಕೇಳಿಸಬೇಕು ಎಂಬ ವಿಧಿ ಅದರಲ್ಲಿದೆ. ಕಲ್ಲಿನಲ್ಲಿ ಕೊರೆದು ಬಿಟ್ಟರೆ ಸಾಲದು ಎಂದು ಆಗಲೇ ಗೊತ್ತಿತ್ತು.

ಬರೆದದ್ದನ್ನು ಕಾಯುವ, ಓದಿ ಹೇಳುವ ಈ ಕ್ರಮ ಇಂದಿನ ಕಾಲದಲ್ಲೂ ಫಲ ಕೊಟ್ಟಿದೆ. ಬೆಂಗಳೂರಿನಲ್ಲಿ 2017ರ ಸುಮಾರಿಗೆ ಕೆಲವು ನಾಗರಿಕರು ಊರಿನ ಶಾಸನಕಲ್ಲುಗಳನ್ನು ಉಳಿಸಲು ಫೇಸ್‌ಬುಕ್ ಗುಂಪಿನ ಮೂಲಕ ಕೂಡಿದರು. ಜನ ಕಲ್ಲು ಕಂಡಲ್ಲಿ ಫೋಟೊ ಕಳಿಸಿದರು, ಬಲ್ಲವರು ಓದಿದರು. 2021ರಿಂದ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಆ ಶಾಸನಗಳ ಮೂರು ಆಯಾಮದ ಡಿಜಿಟಲ್ ಪ್ರತಿಗಳು ತಯಾರಾಗಿ ಎಲ್ಲರಿಗೂ ಮುಕ್ತವಾಗಿವೆ. ಗುಂಪಿನ ಉತ್ಸಾಹಕ್ಕೆ ಸಂಸ್ಥೆಯ ಆಸರೆ, ಸಂಬಳದ ಕೈಗಳು ದೊರೆತದ್ದರಿಂದ ಹರಿದು ಹೋಗಬೇಕಾದದ್ದು ನಿಂತಿತು.

ಮಳಖೇಡ, ನಾಗಾವಿ, ಸನ್ನತಿಗಳಿರುವ ಸೀಮೆಗೆ ಇದು ಅಸಾಧ್ಯವಲ್ಲ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಹಲವೆಡೆ ಕಂಪ್ಯೂಟರ್ ಇದೆ, ಮೇಲ್ವಿಚಾರಕರಿದ್ದಾರೆ. ಸಿಮೆಂಟ್ ಕಂಪನಿಗಳು ಕಾನೂನಿನಂತೆ ಲಾಭದ ಒಂದು ಪಾಲನ್ನು ಸಾಮಾಜಿಕ ಹೊಣೆಗೆ ಖರ್ಚು ಮಾಡಲೇಬೇಕು. ಆ ಹಣದಲ್ಲಿ ಒಂದೊಂದು ತಾಲ್ಲೂಕಿಗೆ ಒಬ್ಬಿಬ್ಬರು ಭಂಡಾರಿಗರನ್ನಾದರೂ ಸಂಬಳ ಕೊಟ್ಟು ನೇಮಿಸಬೇಕು. ಅವರು ಕಲ್ಲುಗಣಿಯ ಮೇಸ್ತ್ರಿ, ನಿವೃತ್ತ ಕಿಲ್ನ್ ಆಪರೇಟರ್, ತಾಂಡಾದ ಹಿರಿಯರನ್ನು ಅವರವರ ಭಾಷೆಯಲ್ಲೇ ಮಾತಾಡಿಸಿ, ಹೆಸರು, ಊರು, ದಿನಾಂಕ ಸಮೇತ ದಾಖಲಿಸಿ, ಕನ್ನಡದಲ್ಲಿ ಬರೆದು, ಮುಕ್ತ ಜಾಲದಲ್ಲಿ ಇಡಬೇಕು. ಕೈಯಿಂದ ಪರಸಿ ಸೀಳಬಲ್ಲ ಕೊನೆಯ ತಲೆಮಾರಿಗೆ ವಯಸ್ಸಾಗುತ್ತಿದೆ. ಕೆಲಸ ಈ ವರ್ಷವೇ ಶುರುವಾಗಲಿ.